ಸದ್ಯಕ್ಕೊಂದು ಕೊಳವೆ

‘ಒರೆಸಿಡು ಸಾಕು, ಏನೂ ಬಿಚ್ಚೋಕೆ ಹೋಗ್ಬೇಡ’ ಎಂದು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅಕ್ಕ ನಡೆದುಕೊಂಡು ಹೋಗಿಬಿಟ್ಟಿದ್ದಳು. ನಡೆದುಕೊಂಡು! ಬೀದಿಯ ತುದಿಯ ಅಂಗಡಿಯಿಂದ ಬ್ರೆಡ್ಡು ತರುವುದಕ್ಕೂ ಈ ದೊಡ್ಡ ಗಾಡಿಯನ್ನೇ ಹೊರಡಿಸಿ, ‘ಉಪ್ಪು ತರೋಕೆ ಲಾರಿ ತಗೊಂಡು ಹೋದ್ಲು ನೋಡಿ’ ಎಂದು ಭಾವನ ಕೈಲಿ ಅನ್ನಿಸಿಕೊಳ್ಳುತ್ತಿದ್ದವಳು. ಇವತ್ತು ಬ್ಯಾಗನ್ನು ಎದೆಗವಚಿಕೊಂಡು, ರಸ್ತೆ ದಾಟುವ ಮೊದಲು ಎರಡೆರಡು ಸಲ ಅತ್ತಿತ್ತ ನೋಡಿ, ಗೋಡೆಯ ಬದಿಯಲ್ಲೇ ಹೋದದ್ದನ್ನು ಪಾಪು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡಿದ. ಸಂಜೆ ನಾಲ್ಕಕ್ಕೆ ಗಾಡಿ ಕೊಳ್ಳುವವರು ಬರುತ್ತಾರೆ. ಅಷ್ಟರೊಳಗೆ ಒರೆಸಿಡಬೇಕು. ಅಷ್ಟೇ ಕೆಲಸ. ಅದರಲ್ಲಿ ಎದೆ ಭಾರವಾಗುವಂಥದ್ದು ಏನಿದೆ ಎಂದು ತನ್ನನ್ನೇ ಗದರಿಕೊಂಡು ಅವನು ಬಕೆಟ್ಟಿಗೆ ನೀರು ಬಿಟ್ಟ.

ಪಾಪುವಿಗೆ ಐವತ್ನಾಲ್ಕು ತುಂಬಿತ್ತು. ತಲೆ ಮುಕ್ಕಾಲು ಬೋಳು, ಮಂಡಿ ಎರಡೂ ನೋವು, ಊರಿಗೆಲ್ಲ ಅವನು ‘ಮೇಸ್ತ್ರಿ’. ಆದರೆ ಏಳು ವರ್ಷ ದೊಡ್ಡವಳಾದ ಅಕ್ಕ ಒಮ್ಮೆ ಇಟ್ಟ ಹೆಸರನ್ನು ಕಿತ್ತು ಹಾಕುವ ಸ್ಪ್ಯಾನರು ಇನ್ನೂ ತಯಾರಾಗಿಲ್ಲ. ಲಾರಿ ಡ್ರೈವರುಗಳ ಎದುರಿಗೂ, ಬ್ಯಾಂಕಿನಲ್ಲೂ, ಒಮ್ಮೆ ಆಸ್ಪತ್ರೆಯ ಸಾಲಿನಲ್ಲೂ ಅವಳು ‘ಪಾಪೂ’ ಎಂದು ಕೂಗಿದ್ದುಂಟು, ನೆರೆದವರೆಲ್ಲ ಮಗುವೆಲ್ಲಿ ಎಂದು ಹುಡುಕಿದ್ದುಂಟು. ಅಕ್ಕ ದನದ ಡಾಕ್ಟರು. ಊರಿನ ಹಿಂದಿನ ಗುಡ್ಡದ ಮೇಲೆ ಕುರಿ ಸಾಕುವವರ ದೊಡ್ಡಿಗಳಿವೆ. ಯಾವ ಹೊತ್ತಿನಲ್ಲಿ ಯಾವ ಕುರಿ ಕಷ್ಟದಲ್ಲಿದೆ ಎಂದು ಫೋನು ಬಂದರೂ ಈ ಗಾಡಿ ಹತ್ತಿ ಹೊರಡುವುದೇ ಅವಳ ಬದುಕು. ರಸ್ತೆ ಎಂದರೆ ಬರೀ ಕಲ್ಲು ಮತ್ತು ಜಾರು. ಅಲ್ಲಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಇವಳದು ಅಂಥದ್ದೇ, ಸಮ ರಸ್ತೆಯಲ್ಲಿ ಹಿಂದಿನ ಎರಡು ಚಕ್ರ ದುಡಿಯುತ್ತವೆ, ಏರು ಬಂದಾಗ ಸ್ಟೇರಿಂಗಿನ ಪಕ್ಕದ ಗುಂಡಿ ತಿರುಗಿಸಿದರೆ ಮುಂದಿನೆರಡೂ ಕೈಗೂಡಿಸಬೇಕು, ಹಸಿರು ದೀಪ ಉರಿಯಬೇಕು. ಕೆಲವು ತಿಂಗಳಿಂದ ದೀಪ ಉರಿಯುವ ಬದಲು ಕಣ್ಣು ಹೊಡೆಯಲು ಶುರು ಮಾಡಿತ್ತು. ಕಣ್ಣು ಹೊಡೆಯುತ್ತಿದೆ ಎಂದರೆ ಮುಂದಿನ ಚಕ್ರಗಳು ಸೇರಿಲ್ಲ ಎಂದರ್ಥ. ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಇಲ್ಲ. ಕಳೆದ ವಾರ ಮೂರನೇ ತಿರುವಿನಲ್ಲಿ ಗಾಡಿ ಹಿಂದಕ್ಕೆ ಜಾರಿ ಚರಂಡಿಗೆ ಒರಗಿತು. ಅಕ್ಕ ಬ್ಯಾಗು ಹೊತ್ತು ಉಳಿದ ದಾರಿ ನಡೆದೇ ಹತ್ತಿದಳು. ತಲುಪುವ ಹೊತ್ತಿಗೆ ತಾಯಿ ಕುರಿ ಸತ್ತಿತ್ತು, ಮರಿಯೊಂದು ಉಳಿಯಿತು.

ಗಾಡಿಯ ಬಾಗಿಲು ಒರೆಸುತ್ತ ಅವನಿಗೆ ಮೂರು ವಾರದ ಹಿಂದಿನ ಬೆಳಗು ಬಂದು ಅಡ್ಡ ನಿಂತಿತು. ಅಕ್ಕ ಗಾಡಿ ತಂದು ‘ನೋಡೋ, ಏನೋ ಆಗಿದೆ’ ಅಂದಿದ್ದಳು. ನೆಂಟರ ಗಾಡಿ. ಎಲ್ಲ ಮೆಕ್ಯಾನಿಕ್ಕುಗಳ ಮನೆಯಲ್ಲೂ ಇರುವ ಕಾಯಿಲೆ ಅದು. ಗುರುತಿಲ್ಲದವರ ಗಾಡಿಗೆ ಹೊಸ ಸಾಮಾನು, ಹೊಸ ಆಯಿಲ್ಲು, ಕಾಗದದ ಮೇಲೆ ಬರೆದುಕೊಟ್ಟ ಗ್ಯಾರಂಟಿ. ಮನೆಯವರ ಗಾಡಿಗೆ ‘ಆಮೇಲೆ ನೋಡೋಣ’. ಅವತ್ತೂ ಹಾಗೇ ಆಯಿತು. ಇನ್ಯಾರದೋ ಗಾಡಿಯ ಹೊಟ್ಟೆ ಬಗೆದು ಕೂತಿದ್ದವನು ಎದ್ದು ಬಂದು, ಅಕ್ಕನ ಗಾಡಿಯ ಗುಂಡಿ ತಿರುಗಿಸಿದ, ಅಡಿಯಿಂದ ಟಕ್ ಎಂದಿತು, ದೀಪ ಗಟ್ಟಿಯಾಗಿ ಉರಿಯಿತು, ಬೀದಿಯಲ್ಲಿ ಒಂದು ಸುತ್ತು ಹೊಡೆದು ತಂದು ನಿಲ್ಲಿಸಿದ. ಆಗಲೇ ಭಾವನ ಫೋನು. ಭಾವ ಭೂಗೋಳ ಪಾಠ ಮಾಡಿ ನಿವೃತ್ತರಾದವರು, ಭೂಮಿಯ ಮೇಲೆ ಏನೇ ಅಲುಗಾಡಿದರೂ ಅವರಿಗೆ ತಿಳಿಯಬೇಕು. ಪಾಪು ನಗುತ್ತಾ, ‘ಗಾಡಿ ಗಟ್ಟಿಮುಟ್ಟಾಗಿದೆ ಭಾವ, ಸರ್ವಿಸ್ ಬೇಕಾಗಿರೋದು ಅಕ್ಕನ ತಲೆಗೆ’ ಅಂದುಬಿಟ್ಟ. ತಿರುಗಿದರೆ ಅಕ್ಕ ಟೀ ಲೋಟ ಹಿಡಿದು ಹಿಂದೆಯೇ ನಿಂತಿದ್ದಳು. ಅವಳೂ ನಕ್ಕಳು. ನಗದೆ ಏನು ಮಾಡಿಯಾಳು? ಲೋಟದ ತಳದಲ್ಲಿ ಏನೋ ಬಿದ್ದಿದೆಯೇನೋ ಎನ್ನುವ ಹಾಗೆ ಅದನ್ನೇ ನೋಡುತ್ತ ನಕ್ಕಳು. ಆ ನಗುವನ್ನು ಅವನು ಅವತ್ತು ನೋಡಿ ಮರೆತಿದ್ದ, ಇವತ್ತು ಬಟ್ಟೆ ಹಿಂಡುವಾಗ ಅದು ಮತ್ತೆ ಕಣ್ಣ ಮುಂದೆ ಬಂತು.

ಒಳಗೆ ಸೀಟುಗಳಲ್ಲಿ ಕುರಿಯ ವಾಸನೆ, ಔಷಧಿಯ ವಾಸನೆ, ಅಕ್ಕ ಗುಟ್ಟಾಗಿ ತಿನ್ನುವ ಪೆಪ್ಪರ್‌ಮಿಂಟಿನ ವಾಸನೆ. ಕೊಳ್ಳುವವರಿಗೆ ಇದೆಲ್ಲ ಹೋಗಬೇಕಲ್ಲ ಎಂದುಕೊಂಡು ಮೂಗಿನ ತುಂಬ ಎಳೆದುಕೊಂಡ. ಬಿಸಿಲು ತಡೆಯಲು ಮುಂದಿನ ಗಾಜಿನ ಮೇಲ್ತುದಿಗೆ ಮಡಿಚಿಟ್ಟ ಹಲಗೆಯನ್ನು ಒರೆಸಲು ಕೆಳಗೆಳೆದಾಗ ಅದರ ಹಿಂದೆ ಅಂಟಿಸಿದ ಚೀಟಿ ಕಂಡಿತು. ಅಕ್ಕನ ಅಕ್ಷರ. ಡಾಕ್ಟರ ಅಕ್ಷರ ಯಾರಿಗೂ ಅರ್ಥವಾಗುವುದಿಲ್ಲ ಎಂದು ಭಾವ ಜನ್ಮವಿಡೀ ಗೇಲಿ ಮಾಡಿದ ಆ ಕೈ ಇಲ್ಲಿ ಒಂದನೇ ಕ್ಲಾಸಿನ ಮಗುವಿನ ಹಾಗೆ ಬಿಡಿಬಿಡಿಯಾಗಿ, ದುಂಡಗೆ ಬರೆದಿತ್ತು. ‘ಗಾಡಿ ನಿಲ್ಲಿಸು. ಬ್ರೇಕು ಒತ್ತು. ಗೇರು ನ್ಯೂಟ್ರಲ್. ಗುಂಡಿ ತಿರುಗಿಸು. ಹತ್ತು ಎಣಿಸು. ದೀಪ ನೋಡು.’ ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು, ಬೇರೆ ಪೆನ್ನಿನಲ್ಲಿ, ಬೇರೆ ದಿನ ಬರೆದದ್ದಿರಬೇಕು, ‘ಹೆದರಬೇಡ.’ ಪಾಪು ಒದ್ದೆ ಬಟ್ಟೆ ತೊಡೆಯ ಮೇಲೆ ಬಿದ್ದದ್ದೂ ತಿಳಿಯದೆ ಕೂತ. ಈ ಗುಂಡಿಯನ್ನು ಹನ್ನೊಂದು ವರ್ಷ ಮಾತಾಡುತ್ತಲೇ ತಿರುಗಿಸಿದವಳು, ಒಂದು ಕೈಯಲ್ಲಿ ಕುರಿಮರಿ ಹಿಡಿದುಕೊಂಡೂ ತಿರುಗಿಸಿದವಳು, ತನಗೆ ತಾನೇ ಧೈರ್ಯ ಹೇಳಿಕೊಂಡು ಚೀಟಿ ಬರೆದಿದ್ದಾಳೆ.

ಅಮ್ಮನೂ ಚೀಟಿ ಬರೆಯುತ್ತಿದ್ದಳು. ಮೊದಲು ಒಲೆಯ ಮೇಲೆ, ‘ಆರಿಸು’. ಆಮೇಲೆ ಬಾಗಿಲಿಗೆ, ಔಷಧಿ ಡಬ್ಬಕ್ಕೆ, ಕನ್ನಡಿಗೆ. ಕಡೆಕಡೆಗೆ ತನ್ನ ಕೋಣೆಯ ಗೋಡೆಗೆ ‘ಇದು ನನ್ನ ಮನೆ’ ಎಂದು ಬರೆದು ಅಂಟಿಸಿಕೊಂಡಿದ್ದಳು. ಅವಳು ಒಲೆ ಆರಿಸದೆ ಮಲಗಿದಾಗಲೆಲ್ಲ ಪಾಪು ಸ್ಕ್ರೂಡ್ರೈವರ್ ಹಿಡಿದು ಬರುತ್ತಿದ್ದ. ‘ಗುಂಡಿ ಸಡಿಲ ಆಗಿದೆ ಅಮ್ಮ, ನಿನ್ನ ತಪ್ಪಲ್ಲ’ ಎಂದು ಹೇಳಿ, ಏನೂ ಆಗದ ಒಲೆಯ ಮುಂದೆ ಕೂತು, ಒಂದು ತಿರುಪು ಬಿಚ್ಚಿ ಅದನ್ನೇ ಹಾಕುತ್ತಿದ್ದ. ಎಂಟೋ ಒಂಬತ್ತೋ ಸಲ. ಅಮ್ಮ ತಲೆಯಾಡಿಸಿ ‘ಒಳ್ಳೇದಾಯ್ತು ಬಿಡು’ ಅನ್ನುತ್ತಿದ್ದಳು. ಅಮ್ಮ ಹೋಗಿ ನಾಲ್ಕು ವರ್ಷ. ಮೊನ್ನೆ ಅಕ್ಕ ಊಟದ ಮೇಜಿನಲ್ಲಿ ಸಹಜವಾಗಿ, ಹವೆಯ ಬಗ್ಗೆ ಹೇಳುವ ಹಾಗೆ, ‘ನಂಗೂ ಶುರುವಾಗಿದೆ ಅನ್ಸತ್ತೆ’ ಅಂದಿದ್ದಳು. ‘ಮೊದಲು ಮರಿಗಳಿಗೆ ಹಾಲು ಹಾಕೋ ಕೊಳವೆ ಕಳ್ಕೊಂಡೆ. ಆಮೇಲೆ ಎರಡು ಸಲ ಕನ್ನಡಕ. ಈಗ ಗಾಡಿ. ಗುಂಡಿ ತಿರುಗಿಸಿದೀನಿ ಅಂತ ನಂಗನ್ಸತ್ತೆ, ಆದ್ರೆ ತಿರುಗಿಸಿರಲ್ಲ ಅನ್ಸತ್ತೆ. ಪಾಪೂನೇ ನೋಡಿದ್ನಲ್ಲ, ಗಾಡಿ ಸರಿಯಾಗಿದೆ.’ ಭಾವ ಚಮಚ ಕೆಳಗಿಟ್ಟರು. ಪಾಪು ತಟ್ಟೆ ನೋಡಿದ. ತಾನು ಹಾಗೆ ಹೇಳಿದ್ದು ಬರೀ ತಮಾಷೆಗೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ, ನಿಜ ಹೇಳಬೇಕೆಂದರೆ, ಅವನಿಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಆ ಮೇಜಿನಲ್ಲೇ ಗಾಡಿ ಮಾರುವುದು ಎಂದಾಯಿತು. ಗಾಡಿ ಹೋದರೆ ಗುಡ್ಡ ಹೋಯಿತು, ಗುಡ್ಡ ಹೋದರೆ ಅಕ್ಕ ಕಿಟಕಿಯ ಪಕ್ಕ ಕೂತು ತನ್ನ ಮರೆವನ್ನು ಎಣಿಸುತ್ತಾಳೆ, ಅಷ್ಟೇ.

ಏನೂ ಬಿಚ್ಚಬೇಡ ಅಂದಿದ್ದಳು. ‘ನಿನ್ನ ಮಾತು ನಾನು ಯಾವಾಗ ಕೇಳಿದ್ದೆ?’ ಎಂದು ಅಕ್ಕನಿಗೆ ಹೇಳುವ ಹಾಗೆ ಗಾಡಿಗೆ ಹೇಳಿ ಪಾಪು ಬಾನೆಟ್ಟು ಎತ್ತಿದ. ಫ್ಯೂಸು ತೆಗೆದು ನೋಡಿದ, ಸರಿಯಿತ್ತು. ಗುಂಡಿಯ ಹಿಂದಿನ ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದ, ಒಂದೂ ಸಡಿಲವಿರಲಿಲ್ಲ. ನಾಲ್ಕು ಟೈರುಗಳ ಅಳತೆ ನೋಡಿದ, ಒಂದು ದೊಡ್ಡದು ಒಂದು ಚಿಕ್ಕದು ಇದ್ದರೂ ಹೀಗಾಗುತ್ತದೆ. ನಾಲ್ಕೂ ಒಂದೇ. ಅಡಿಗೆ ಹೋಗಿ ಗೇರು ಬದಲಿಸುವ ಮೋಟಾರಿಗೆ ನೇರವಾಗಿ ಬ್ಯಾಟರಿಯಿಂದ ವೈರು ಕೊಟ್ಟ, ಚಟಕ್ಕನೆ ತಿರುಗಿತು. ಎಂಜಿನ್ನು ಚಾಲೂ ಮಾಡಿ ಗುಂಡಿ ತಿರುಗಿಸಿದ, ಟಕ್, ದೀಪ. ಮತ್ತೆ ತಿರುಗಿಸಿದ, ಟಕ್, ದೀಪ. ಹತ್ತು ಸಲ ಮಾಡಿದ, ಹತ್ತು ಸಲವೂ ಹಸಿರು ದೀಪ ಗಿಣಿಯ ಹಾಗೆ ಸುಮ್ಮನೆ ಕೂತಿತು. ಒಂದೇ ಒಂದು ಸಲ ಕೆಡು ಮಾರಾಯ, ಒಂದೇ ಸಲ ಎಂದು ಬೇಡಿಕೊಂಡ. ಕೆಟ್ಟ ಗಾಡಿ ಸರಿಯಾಗಲೆಂದು ಹರಸಿಕೊಂಡು ಬದುಕಿದವನು ಸರಿಯಿರುವ ಗಾಡಿ ಕೆಡಲಿ ಎಂದು ಹಲ್ಲು ಕಚ್ಚಿ ಕೂತದ್ದು ಇದೇ ಮೊದಲು. ಗಾಡಿ ಕೆಟ್ಟಿಲ್ಲ ಎಂದಾದರೆ ಕೆಟ್ಟದ್ದು ಅಕ್ಕನ ತಲೆ. ಗ್ಯಾರೇಜಿನ ನೆಲ ತಣ್ಣಗಿತ್ತು. ಎಂಜಿನ್ನೂ ಇನ್ನೂ ತಣ್ಣಗೇ ಇತ್ತು. ಎಂಜಿನ್ನಿನ ಮೇಲೆ ಕೈ ಇಟ್ಟವನು ಹಾಗೇ ನಿಂತ. ತಣ್ಣಗಿದೆ! ಮೂರು ವಾರದ ಹಿಂದೆ ಅವನು ನೋಡಿದಾಗಲೂ ತಣ್ಣಗಿತ್ತು. ಅಕ್ಕನಿಗೆ ಕೈಕೊಡುವುದು ಯಾವಾಗಲೂ ಮೂರನೆಯ ತಿರುವಿನ ಮೇಲೆ, ಮುಕ್ಕಾಲು ಗಂಟೆ ಹತ್ತಿ ಎಂಜಿನ್ನು ಕುದಿಯುವಾಗ. ಇಷ್ಟು ಸಣ್ಣ ವಿಷಯ, ಕಲಿಯಲು ಬಂದವನ ಕಿವಿ ಹಿಂಡಿ ಹೇಳಿಕೊಡುವ ವಿಷಯ. ಎಲ್ಲಿ ಕೆಡುತ್ತದೋ ಅಲ್ಲಿಗೆ ಹೋಗಿ ನೋಡು. ಬೇರೆ ಯಾರದೇ ಗಾಡಿಯಾಗಿದ್ದರೆ ಮೊದಲ ದಿನವೇ ಹೋಗುತ್ತಿದ್ದ.

ಗುಡ್ಡದ ದಾರಿಯಲ್ಲಿ ಗಾಡಿ ಗೊಣಗುತ್ತ ಹತ್ತಿತು. ಪಾಪು ಚೀಟಿ ಕಾಣುವ ಹಾಗೆ ಹಲಗೆಯನ್ನು ಕೆಳಗೇ ಬಿಟ್ಟಿದ್ದ. ಮೊದಲ ತಿರುವಿನಲ್ಲಿ ನಿಲ್ಲಿಸಿ, ಬ್ರೇಕು ಒತ್ತಿ, ನ್ಯೂಟ್ರಲ್ಲಿಗೆ ತಂದು, ಗುಂಡಿ ತಿರುಗಿಸಿ, ಜೋರಾಗಿ ಹತ್ತು ಎಣಿಸಿದ. ದೀಪ ಬಂತು. ಎರಡನೇ ತಿರುವಿನಲ್ಲೂ ಬಂತು. ಅಕ್ಕ ಅವನಿಗೆ ಸೈಕಲ್ಲು ಕಲಿಸಿದ್ದು ನೆನಪಾಯಿತು. ಹಿಂದೆ ಹಿಡಿದಿದ್ದೀನಿ ಎಂದು ಹೇಳುತ್ತಲೇ ಕೈಬಿಟ್ಟು, ಅವನು ಬೀದಿಯ ಕೊನೆ ಮುಟ್ಟಿ ತಿರುಗಿ ನೋಡಿದರೆ ಅಲ್ಲೆಲ್ಲೋ ಚುಕ್ಕಿಯಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಬಿದ್ದು ಮಂಡಿ ಒಡೆದುಕೊಂಡಾಗ ಅಪ್ಪನಿಗೆ ‘ನಾನೇ ತಳ್ಳಿಬಿಟ್ಟೆ’ ಎಂದು ಹೇಳಿ ಏಟು ತಿಂದಳು. ಅಪ್ಪನಿಗೆ ಸೈಕಲ್ಲು ಮುಟ್ಟಿದ್ದು ಅವನೆಂದು ತಿಳಿದರೆ ಅವನಿಗೇ ಬೀಳುತ್ತಿತ್ತು, ಅದಕ್ಕೆ. ಮೂರನೇ ತಿರುವಿನಲ್ಲಿ ಚರಂಡಿಯ ಅಂಚಿಗೆ ಗಾಡಿ ಒರಗಿದ ಗುರುತು ಇನ್ನೂ ಹಸಿಯಾಗಿತ್ತು. ನಿಲ್ಲಿಸಿದ. ಬ್ರೇಕು. ನ್ಯೂಟ್ರಲ್. ಗುಂಡಿ. ಒಂದು, ಎರಡು, ಮೂರು... ಹತ್ತು. ದೀಪ ಕಣ್ಣು ಹೊಡೆಯಿತು. ಇನ್ನೂ ಹತ್ತು ಎಣಿಸಿದ. ಕಣ್ಣು ಹೊಡೆಯುತ್ತಲೇ ಇತ್ತು. ‘ಅಯ್ಯೋ ನನ್ನ ಬಂಗಾರ!’ ಎಂದು ಪಾಪು ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕುಬಿಟ್ಟ. ಕಣ್ಣಲ್ಲಿ ನೀರು ಬಂತು. ಅಕ್ಕ ಸರಿಯಾಗಿದ್ದಾಳೆ. ಅಕ್ಕನ ಕೈ ಸರಿ, ಅಕ್ಕನ ತಲೆ ಸರಿ, ಗಾಡಿ ಕೆಟ್ಟಿದೆ, ದೇವರೇ, ಎಷ್ಟು ಚೆನ್ನಾಗಿ ಕೆಟ್ಟಿದೆ.

ಚಕ್ರಕ್ಕೆ ಕಲ್ಲು ಕೊಟ್ಟು ಅಡಿಗೆ ತೂರಿದ. ಈ ಗಾಡಿಯಲ್ಲಿ ಮುಂದಿನ ಚಕ್ರಗಳನ್ನು ಸೇರಿಸುವ ಕೊಂಡಿಯನ್ನು ಎಂಜಿನ್ನು ಗಾಳಿ ಹೀರಿ ಎಳೆಯುತ್ತದೆ, ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ, ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ. ಕೊಳವೆ ಹೊಗೆಯ ಪೈಪಿನ ಬದಿಯಲ್ಲೇ ಒಂದು ತಗಡಿನ ಮರೆಯಲ್ಲಿ ಹಾದುಹೋಗುತ್ತದೆ. ಗ್ಯಾರೇಜಿನಲ್ಲಿ ಎಲ್ಲವೂ ಕೆಲಸ ಮಾಡುತ್ತಿದ್ದುದರಿಂದ ಆ ತಗಡನ್ನು ಅವನು ಬಿಚ್ಚಿರಲಿಲ್ಲ. ಈಗ ಮಲಗಿಕೊಂಡೇ ನಾಲ್ಕು ಬೋಲ್ಟು ಬಿಚ್ಚಿದ, ಬೆರಳು ಸುಟ್ಟುಕೊಂಡ, ಬೈದುಕೊಂಡ, ತಗಡು ಸರಿಸಿದ. ಕೊಳವೆ ಅಲ್ಲೇ ಇತ್ತು, ಬಿಸಿಗೆ ಮೆತ್ತಗಾಗಿ, ತನ್ನನ್ನು ತಾನೇ ಹೀರಿಕೊಂಡು ಚಪ್ಪಟೆಯಾಗಿ ಅಂಟಿಕೊಂಡಿತ್ತು. ಗಾಳಿ ಹೋಗಲು ದಾರಿಯೇ ಇಲ್ಲ. ತಣ್ಣಗಾದರೆ ಮತ್ತೆ ದುಂಡಗಾಗುತ್ತದೆ, ಏನೂ ಆಗದ ಹಾಗೆ. ಯಾವ ಅಯೋಗ್ಯ ಇಲ್ಲಿ ಇಂಥಾ ಮೆತ್ತನೆ ಕೊಳವೆ ಹಾಕಿದವನು ಎಂದು ಅವನ ಬಾಯಿಗೆ ಬಂತು. ಕಂಪನಿಯದು ಕಪ್ಪಗೆ, ದಪ್ಪಗೆ, ಗಡಸಾಗಿರುತ್ತದೆ. ಇದು ತೆಳ್ಳಗಿದೆ, ಮಸಿ ಹಿಡಿದು ಕಪ್ಪಾಗಿದೆ ಅಷ್ಟೇ. ಎರಡೂ ತುದಿ ಕಿತ್ತು ಹೊರಗೆ ತೆಗೆದು ಬಟ್ಟೆಯಿಂದ ಒರೆಸಿದ. ಮಸಿಯ ಕೆಳಗೆ ಹಾಲಿನ ಬಣ್ಣದ ರಬ್ಬರು. ಇನ್ನೂ ಒರೆಸಿದ. ನಡುವೆ ಒಂದು ಕಡೆ ಕೊಳವೆಯ ಸುತ್ತ ಉಗುರಿಗೆ ಹಚ್ಚುವ ಬಣ್ಣದ ಕೆಂಪು ಗೆರೆ.

ಅಯೋಗ್ಯ ಯಾರೆಂದು ಗೊತ್ತಾಯಿತು. ಎರಡು ವರ್ಷದ ಹಿಂದೆ, ಇದೇ ದಾರಿಯ ಕೆಳಗಿನ ಸೇತುವೆಯ ಹತ್ತಿರ. ಅವತ್ತು ಅಕ್ಕನ ಜೊತೆ ಸುಮ್ಮನೆ ಗಾಳಿ ಕುಡಿಯಲು ಹೊರಟಿದ್ದ. ಕಂಪನಿಯ ಕೊಳವೆ ಬಿರುಕು ಬಿಟ್ಟಿತ್ತು, ಮೇಲೆ ಯಾರದೋ ಕುರಿ ಕಾಯುತ್ತಿತ್ತು, ಅಕ್ಕ ಫೋನಿಗೆ ಸಿಗ್ನಲ್ಲು ಹುಡುಕುತ್ತ ದಿಬ್ಬ ಹತ್ತಿದ್ದಳು. ಅವಳ ಬ್ಯಾಗು ಸೀಟಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ನಿತ್ರಾಣವಾದ ಮರಿಗಳ ಹೊಟ್ಟೆಗೆ ನೇರವಾಗಿ ಹಾಲು ಇಳಿಸುವ ಕೊಳವೆ, ಅಳತೆಗೆ ಸರಿಯಾಗಿತ್ತು. ಕೇಳಿದರೆ ‘ಅದು ಮರಿಗಳ ಬಾಯಿಗೆ ಹೋಗೋದು ಕಣೋ, ಕೊಳಕಾ!’ ಎಂದು ಕಿರುಚುತ್ತಾಳೆ ಎಂದು ಗೊತ್ತಿತ್ತು. ಕೇಳಲಿಲ್ಲ. ಎರಡೂ ತುದಿ ಕತ್ತರಿಸಿ ತುರುಕಿದ. ‘ಏನು ಮಾಡ್ದೆ?’ ಎಂದು ಅಕ್ಕ ಇಳಿದು ಬಂದು ಕೇಳಿದಾಗ ‘ಸದ್ಯಕ್ಕೆ ಒಂದು ಮಾಡಿದೀನಿ, ನಾಳೆ ಹೊಸದು ಹಾಕ್ತೀನಿ’ ಅಂದ. ಆ ನಾಳೆ ಬೇರೆ ಯಾರದೋ ಗಾಡಿ ಬಂತು. ಅದರ ಮಾರನೇ ದಿನ ಇನ್ಯಾರದೋ. ವಾರದ ಮೇಲೆ ಅಕ್ಕ ಫೋನು ಮಾಡಿ ‘ಪಾಪೂ, ನನ್ನ ಮರಿ ಕೊಳವೆ ಎಲ್ಲಾದ್ರೂ ನೋಡಿದ್ಯೇನೋ? ಮನೆಯೆಲ್ಲಾ ಜಾಲಾಡಿದೆ’ ಎಂದಳು. ಅವನು ಒಂದು ವ್ಯಾನಿನ ಅಡಿಯಲ್ಲಿ ಮಲಗಿ, ಬಾಯಲ್ಲಿ ಬೋಲ್ಟು ಕಚ್ಚಿಕೊಂಡು, ‘ಇಲ್ಲ ಅಕ್ಕ’ ಅಂದಿದ್ದ. ಬೇಕೆಂದು ಸುಳ್ಳು ಹೇಳಿದ್ದಲ್ಲ. ನಿಜವಾಗಿಯೂ ಮರೆತುಹೋಗಿತ್ತು. ಅಕ್ಕ ತನ್ನ ಮರೆವಿನ ಪಟ್ಟಿಯಲ್ಲಿ ಮೊದಲು ಬರೆದುಕೊಂಡದ್ದು ತಮ್ಮನ ಮರೆವನ್ನು. ಪಾಪು ಕಲ್ಲಿನ ಮೇಲೆ ಕುಳಿತು ಕೊಳವೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಸುತ್ತಿದ. ಮೇಲೆಲ್ಲೋ ಕುರಿಗಳ ಸದ್ದು. ಆ ತಾಯಿ ಕುರಿ ನೆನಪಾಯಿತು.

ಇಳಿಯುವಾಗ ಉಪಾಯ ಹೊಳೆಯಿತು. ಇಲಿ! ಇಲಿ ಪೈಪು ಕಡಿದಿತ್ತು ಎಂದರೆ ಮುಗಿಯಿತು. ದೋಷ ಗಾಡಿಯದು, ಅಕ್ಕನದಲ್ಲ. ತನ್ನದೂ ಅಲ್ಲ. ಯಾರಿಗೂ ನೋವಿಲ್ಲ, ಇಲಿಗಂತೂ ಇಲ್ಲವೇ ಇಲ್ಲ. ಗ್ಯಾರೇಜಿಗೆ ಹೋಗಿ ಹೊಸ ಕೊಳವೆ ಹಾಕಿ ಹೋಗೋಣವೆಂದರೆ ಮೂರೂವರೆ ಆಗಿಬಿಟ್ಟಿತ್ತು. ನೇರ ಅಕ್ಕನ ಮನೆಗೇ ಬಂದ, ಹಳೆಯ ಕೊಳವೆಯನ್ನು ಪ್ಯಾಂಟಿನ ಜೇಬಿನೊಳಗೆ ತಳ್ಳಿ, ಜೇಬಿನ ಬಾಯಿಗೆ ಕರ್ಚೀಪು ತುರುಕಿ. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಡಿಯ ಕಾಗದಗಳ ಫೈಲು ಮಡಿಲಲ್ಲಿಟ್ಟುಕೊಂಡು, ಹೆಣ್ಣು ನೋಡಲು ಬರುವವರಿಗೆ ಕಾದವರಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅಕ್ಕ ಊಟದ ಮೇಜಿನ ಮೇಲೆ ತನ್ನ ಬ್ಯಾಗನ್ನು ಪೂರ್ತಿ ಸುರುವಿಕೊಂಡಿದ್ದಳು. ಕತ್ತರಿ, ಸಿರಿಂಜು, ಹಗ್ಗ, ಕೆಂಪು ಉಗುರು ಬಣ್ಣದ ಪುಟ್ಟ ಶೀಸೆ. ಒಂದೊಂದನ್ನೇ ಒರೆಸಿ ರಟ್ಟಿನ ಪೆಟ್ಟಿಗೆಗೆ ಇಡುತ್ತಿದ್ದಳು.

‘ಹೊಸ ಡಾಕ್ಟರಿಗೆ ಕೊಟ್ಬಿಡ್ತೀನಿ’ ಎಂದಳು. ‘ಮೂಲೇಲಿ ಇಟ್ರೆ ಹಾಳಾಗತ್ತೆ. ಒರೆಸಿದ್ಯಾ ಗಾಡೀನ?’

‘ಅಕ್ಕ, ಸಿಕ್ತು. ದೋಷ ಗಾಡೀದೇ. ನಿಂದಲ್ಲ.’ ದಾರಿಯುದ್ದಕ್ಕೂ ಉರುಹೊಡೆದದ್ದನ್ನು ಅವನು ಒಂದೇ ಉಸಿರಿಗೆ ಹೇಳಿದ. ‘ಇಲಿ. ಒಂದು ಪೈಪ್ ಕಡಿದು ಹಾಕಿತ್ತು. ಅದಕ್ಕೇ ದೀಪ ಕಣ್ಣು ಹೊಡೀತಿತ್ತು. ಈಗ ಹೊಸದು ಹಾಕಿದ್ರೆ ಆಯ್ತು.’

ಭಾವ ಎದ್ದು ನಿಂತರು. ಅಕ್ಕ ಏಳಲಿಲ್ಲ. ಕತ್ತರಿಯನ್ನು ಒರೆಸುತ್ತಲೇ ತಮ್ಮನ ಮುಖ ನೋಡಿದಳು, ಜ್ವರ ಬಂದ ಪ್ರಾಣಿಯನ್ನು ನೋಡುವ ಹಾಗೆ, ಸಮಾಧಾನವಾಗಿ.

‘ಸ್ಟೌ ರಿಪೇರಿ ಮಾಡ್ತಿದೀಯಾ ಪಾಪು?’

ಅವನು ಜೇಬಿನ ಕರ್ಚೀಪನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

‘ನಂಗೇನೂ ಬೇಜಾರಿಲ್ಲ ಕಣೋ. ನೀನು ಒಳ್ಳೇದಕ್ಕೇ ಹೇಳ್ತಿದೀಯ. ಅಮ್ಮಂಗೂ ಒಳ್ಳೇದಕ್ಕೇ ಹೇಳ್ತಿದ್ದೆ. ಸ್ಕ್ರೂಡ್ರೈವರ್ ಹಿಡ್ಕೊಂಡು ಎಷ್ಟು ಚೆನ್ನಾಗಿ ನಟನೆ ಮಾಡ್ತಿದ್ದೆ! ಅವಳು ನಂಬ್ತಿದ್ಲು ಅಂದ್ಕೊಂಡಿದ್ಯಾ? ನೀನು ಹೋದ್ಮೇಲೆ ನನ್ನ ಕೈ ಹಿಡ್ಕೊಂಡು ಕೇಳ್ತಿದ್ಲು, ಪಾಪು ಯಾಕೆ ಸುಳ್ಳು ಹೇಳ್ತಾನೆ, ನನ್ ತಲೆ ಅಷ್ಟು ಕೆಟ್ಟೋಗಿದ್ಯಾ ಅಂತ.’ ಕತ್ತರಿಯನ್ನು ಪೆಟ್ಟಿಗೆಯೊಳಗಿಟ್ಟಳು. ‘ನಂಗೆ ಸುಳ್ಳು ಹೇಳ್ಬೇಡ. ಅದಕ್ಕಿಂತ ಬೈದ್ರೆ ವಾಸಿ.’

ಒಲೆಯ ಮುಂದೆ ಕೂತು ಒಂದೇ ತಿರುಪನ್ನು ಬಿಚ್ಚಿ ಬಿಚ್ಚಿ ಹಾಕಿದ್ದು, ಅಮ್ಮ ಬೆನ್ನ ಹಿಂದೆ ನಿಂತು ನೋಡುತ್ತಿದ್ದದ್ದು, ‘ಒಳ್ಳೇದಾಯ್ತು ಬಿಡು’ ಅಂದದ್ದು. ಎಲ್ಲವೂ ಗೊತ್ತಿದ್ದೇ ಅಂದದ್ದು. ಪಾಪು ಕುರ್ಚಿ ಎಳೆದುಕೊಂಡು ಕೂತ. ಪ್ರೀತಿಗೆ ಹೇಳಿದ ಸುಳ್ಳು ಅಮ್ಮನನ್ನು ಹೆದರಿಸಿತ್ತು. ಈಗ ಅಕ್ಕನನ್ನೂ ಹೆದರಿಸುತ್ತಿದೆ. ಈ ಮನೆಯಲ್ಲಿ ಸಮಾಧಾನದ ಮಾತಿಗೆ ಇನ್ನು ಬೆಲೆಯಿಲ್ಲ, ಮಾನ ಹೋಗುವ ಮಾತೊಂದೇ ನಡೆಯುವುದು. ಅವನು ಕರ್ಚೀಪು ಕಿತ್ತು, ಕೊಳವೆ ಹೊರಗೆಳೆದು, ಮಸಿಯ ಸಮೇತ ಮೇಜಿನ ಮೇಲೆ ಅವಳ ಉಗುರು ಬಣ್ಣದ ಶೀಸೆಯ ಪಕ್ಕಕ್ಕೆ ಇಟ್ಟ.

‘ಇಲಿ ಅಲ್ಲ ಅಕ್ಕ. ನಾನು.’

ಅಕ್ಕ ಕೊಳವೆ ಎತ್ತಿಕೊಂಡಳು. ಕನ್ನಡಕ ಹಣೆಯ ಮೇಲಿಂದ ಮೂಗಿಗೆ ಇಳಿಯಿತು. ಕೆಂಪು ಗೆರೆಯ ಮೇಲೆ ಹೆಬ್ಬೆರಳು ಹೋಗಿ ನಿಂತಿತು. ಮರಿಯ ಮೂಗಿನಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು, ಇಲ್ಲಿವರೆಗೆ ಇಳಿಸಿದರೆ ಹೊಟ್ಟೆ ಮುಟ್ಟುತ್ತದೆ ಎಂದು ಅವಳೇ ಹಾಕುತ್ತಿದ್ದ ಗೆರೆ. ಜಗತ್ತಿನಲ್ಲಿ ಇನ್ಯಾರೂ ಉಗುರು ಬಣ್ಣದಲ್ಲಿ ಕುರಿಯ ಹೊಟ್ಟೆ ಅಳೆಯುವುದಿಲ್ಲ. ಪಾಪು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಸೇತುವೆ, ಬಾಯಿ ತೆರೆದ ಬ್ಯಾಗು, ಸದ್ಯಕ್ಕೆ ಅಂದದ್ದು, ವ್ಯಾನಿನ ಅಡಿಯಿಂದ ಇಲ್ಲ ಅಕ್ಕ ಅಂದದ್ದು, ತಣ್ಣನೆ ಗಾಡಿ ನೋಡಿ ಭಾವನಿಗೆ ಹೇಳಿದ ತಮಾಷೆ. ನೀನು ಎಲ್ಲವನ್ನೂ ಸರಿಯಾಗೇ ಮಾಡಿದ್ದೆ, ಚೀಟಿಯಲ್ಲಿ ಬರೆದ ಹಾಗೇ ನಾನೂ ಮಾಡಿದೆ, ನನಗೂ ದೀಪ ಬರಲಿಲ್ಲ ಅಂದ.

‘ಚೀಟಿ ನೋಡಿದ್ಯಾ?’ ಎಂದಳು ಅಕ್ಕ, ಬಟ್ಟೆ ಬದಲಿಸುವಾಗ ಬಾಗಿಲು ತೆರೆದವನನ್ನು ಕೇಳುವ ಹಾಗೆ. ಆಮೇಲೆ ಕೊಳವೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ‘ಮೂರು ದಿನ ಹುಡುಕಿದ್ದೆ ಕಣೋ ಇದನ್ನ. ಹಾಸಿಗೆ ಎತ್ತಿ ಹುಡುಕಿದ್ದೆ. ಫ್ರಿಜ್ಜಲ್ಲಿ ಹುಡುಕಿದ್ದೆ, ಅಮ್ಮ ಅಲ್ಲಿಡ್ತಿದ್ಲಲ್ಲ ಅಂತ. ಕಳ್ಳಾ!’ ಎಂದು ಎದ್ದು ಬಂದು ಆ ಕೊಳವೆಯಿಂದಲೇ ಅವನ ಬೋಳುತಲೆಗೆ ಪಟಾರನೆ ಬಾರಿಸಿದಳು. ‘ಕೊಳಕಾ! ಮರಿಗಳ ಬಾಯಿಗೆ ಹೋಗೋದು!’ ಇನ್ನೊಂದು ಏಟು. ಮೂರನೆಯದಕ್ಕೆ ಕೈ ಎತ್ತಿದವಳು ಹಾಗೇ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಅತ್ತಳು, ನಗುತ್ತ ಅತ್ತಳು. ಭಾವ ಫೈಲು ಎದೆಗೆ ಹಿಡಿದು ‘ಅಂದ್ರೆ, ಈಗ ಕೊಳ್ಳೋರಿಗೆ...?’ ಎಂದು ಶುರು ಮಾಡಿ, ಯಾರೂ ಕೇಳಿಸಿಕೊಳ್ಳದಿದ್ದಾಗ ತಾವೇ ಫೋನು ಎತ್ತಿಕೊಂಡು ಒಳಗೆ ಹೋಗಿ ಜೋರು ದನಿಯಲ್ಲಿ, ‘ಇಲ್ಲ ಸ್ವಾಮಿ, ಗಾಡಿ ಕೆಟ್ಟಿದೆ, ತುಂಬಾನೇ ಕೆಟ್ಟಿದೆ’ ಎಂದು ಹಬ್ಬದ ಸಡಗರದಲ್ಲಿ ಹೇಳುವುದು ಕೇಳಿಸಿತು.

‘ಆ ಕುರಿ’ ಎಂದ ಪಾಪು, ಅಕ್ಕನ ಅಂಗಿಗೆ ಮುಖ ಒತ್ತಿಕೊಂಡೇ. ‘ಸತ್ತಿದ್ದು ನನ್ನಿಂದ.’

ಅಲ್ಲ ಬಿಡು ಎಂದು ಅವಳು ಹೇಳಲಿಲ್ಲ. ‘ಹೌದು’ ಎಂದಳು. ‘ಕುರಿಯವನಿಗೆ ನೀನೇ ಹೇಳು. ಮರಿಗೆ ಇನ್ನೂ ಬಾಟ್ಲಿ ಹಾಲೇ, ಇವತ್ತು ನೋಡ್ಬೇಕು ಅದನ್ನ. ಏಳು. ಹೊಸ ಪೈಪ್ ಹಾಕು.’ ರಟ್ಟಿನ ಪೆಟ್ಟಿಗೆಯನ್ನು ಬ್ಯಾಗಿಗೆ ಬೋರಲು ಹಾಕಿದಳು, ಕತ್ತರಿ ಸಿರಿಂಜು ಎಲ್ಲ ಸದ್ದು ಮಾಡುತ್ತ ಒಳಗೆ ಬಿದ್ದವು.

ಗ್ಯಾರೇಜಿನಲ್ಲಿ ಅವನು ಕೊಳವೆ ಹಾಕುವವರೆಗೂ ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟಾರ್ಚು ಹಿಡಿದಳು. ಬೇರೊಬ್ಬರ ಗಾಡಿಗೆಂದು ತರಿಸಿಟ್ಟಿದ್ದ, ಕಪ್ಪಗೆ ಗಡಸಾದ ಕಂಪನಿಯ ಕೊಳವೆ. ಅದನ್ನು ಹೊಗೆಯ ಪೈಪಿನಿಂದ ದೂರ ಕಟ್ಟಿ, ಎರಡು ಸಲ ಎಳೆದು ನೋಡಿ, ಬಾಯಿಗೆ ಬಂದ ‘ಸದ್ಯಕ್ಕೆ’ ಎಂಬ ಪದವನ್ನು ನುಂಗಿಕೊಂಡು ‘ಆಯ್ತು, ಇನ್ನು ಹತ್ತು ವರ್ಷ ಚಿಂತೆಯಿಲ್ಲ’ ಅಂದ.

ಇಳಿಬಿಸಿಲು ಇನ್ನೂ ಇತ್ತು. ಅಕ್ಕ ಓಡಿಸಿದಳು, ಪಾಪು ಪಕ್ಕದಲ್ಲಿ, ಮಡಿಲಲ್ಲಿ ಅವಳ ಬ್ಯಾಗು. ಹೊರಡುವ ಮೊದಲು ಅವಳು ಹಲಗೆಯ ಹಿಂದಿನ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಅವನ ಅಂಗಿಯ ಮೇಲೆ ಅಂಟಿಸಿ ತಟ್ಟಿದಳು. ‘ನೀನಿಟ್ಕೋ. ಮರೆಯೋನು ನೀನು.’ ಮೊದಲ ತಿರುವು, ಎರಡನೆಯದು. ಎಂಜಿನ್ನು ಕಾದು ಗುರುಗುಟ್ಟತೊಡಗಿತು. ಕುರಿಯವನಿಗೆ ಹೇಗೆ ಹೇಳುವುದೋ, ಅವನು ಏನೆನ್ನುವನೋ ಎಂದು ಪಾಪು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಮೂರನೇ ತಿರುವಿನ ಕೆಳಗೆ, ಚರಂಡಿಯ ಪಕ್ಕ, ಅಕ್ಕ ನಿಲ್ಲಿಸಿದಳು. ಸ್ಟೇರಿಂಗಿನ ಮೇಲಿದ್ದ ಅವಳ ಕೈ ಒಂದು ಗಳಿಗೆ ಅಲ್ಲೇ ಉಳಿಯಿತು. ಕಣ್ಣು ಖಾಲಿ ಹಲಗೆಯ ಕಡೆ ಹೋಯಿತು. ಪಾಪು ತನಗರಿವಿಲ್ಲದೆ, ಎದೆಯ ಮೇಲಿನ ಚೀಟಿ ಒತ್ತಿ ಹಿಡಿದು, ‘ಬ್ರೇಕು ಒತ್ತು, ನ್ಯೂಟ್ರಲ್...’ ಎಂದು ಪಿಸುಗುಟ್ಟಿದ.

‘ಸುಮ್ನೆ ಕೂತ್ಕೊಳೋ’ ಎಂದಳು ಅಕ್ಕ, ಗುಂಡಿ ತಿರುಗಿಸುತ್ತ. ‘ನಂಗೆ ಗೊತ್ತಿದೆ.’